ಬೋರ್ ನೀರು, ಕಪ್ಪು ಕಾರು, 3,000 ರೂಪಾಯಿ: ಮನೇಲಿ ತೊಳೆಯೋಕೆ ಏನೇನು ತಗೊಳ್ಳಲಿ?

ಗೇರ್_ನಾಲ್ಕು (ಮೈಸೂರು)

ಎಲ್ಲರಿಗೂ ನಮಸ್ಕಾರ. ಕಪ್ಪು ಹ್ಯಾಚ್‌ಬ್ಯಾಕ್, ಎಂಟು ತಿಂಗಳು ಹಳೇದು. ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲತ್ತೆ. ಸಂಪ್‌ಗೆ ಬರೋದು ಬೋರ್ ನೀರು. ಕಾವೇರಿ ನೀರು ಬರತ್ತೆ, ಆದ್ರೆ ಅದು ಅಡುಗೆಗೆ, ಕುಡಿಯೋಕೆ. ನನ್ನ ಪ್ರಶ್ನೆಗಳು:

ಬಟ್ಟೆ ಒಗೆಯೋ ಪುಡಿ ಅಥವಾ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ್ರೆ ನಿಜವಾಗ್ಲೂ ಏನಾಗತ್ತೆ? ಕಾರ್ ಶಾಂಪೂನೇ ಬೇಕಾ?

ಒಣಗಿದ ಮೇಲೆ ಬಾನೆಟ್ ಮೇಲೂ ಗಾಜಿನ ಮೇಲೂ ಬಿಳಿ ಚುಕ್ಕೆ ಉಳಿಯತ್ತೆ. ಒರೆಸಿದ್ರೂ ಹೋಗಲ್ಲ.

ಬಿಸಿಲಿಗೆ ನೋಡಿದ್ರೆ ಜೇಡರ ಬಲೆ ಥರ ಗೆರೆಗಳು ಕಾಣ್ತಿವೆ. ದಿನಾ ಬೆಳಿಗ್ಗೆ ಹಳದಿ ಬಟ್ಟೇಲಿ ಒರೆಸೋದು ಬಿಟ್ರೆ ಬೇರೇನೂ ಮಾಡಿಲ್ಲ.

ಒಟ್ಟು 3,000 ಖರ್ಚು ಮಾಡಬಹುದು. ಪ್ರೆಷರ್ ವಾಷರ್ ಅದರಲ್ಲಿ ಬರತ್ತಾ? ಆಯುಧಪೂಜೆ ಹತ್ತಿರ ಬಂತು, ಅದಕ್ಕೂ ಮುಂಚೆ ಸರಿ ಮಾಡ್ಕೋಬೇಕು.

ಎರಡು_ಬಕೆಟ್

ಮೊದಲು ಹಳದಿ ಬಟ್ಟೆ. ಜೇಡರ ಬಲೆ ನೇಯ್ದಿರೋದು ಅದೇ.

ಕಾರಿನ ಪೇಂಟಿನ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್, ಹೆಚ್ಚುಕಮ್ಮಿ ಒಂದು ಜೆರಾಕ್ಸ್ ಹಾಳೆಯಷ್ಟು. ಅದರ ಮೇಲ್ಪದರ, ಅಂದ್ರೆ ಹೊಳಪು ಕೊಡೋ ಕ್ಲಿಯರ್ ಕೋಟ್, ಅದರಲ್ಲೂ ಅರ್ಧಕ್ಕಿಂತ ಕಮ್ಮಿ. ರಾತ್ರಿ ಕೂತ ಧೂಳಲ್ಲಿ ನುಣ್ಣನೆ ಮರಳಿರತ್ತೆ. ಅದನ್ನ ಒಣ ಬಟ್ಟೇಲಿ ಎಳೆದ್ರೆ ಬಟ್ಟೆ ಉಪ್ಪು ಕಾಗದ ಆಗತ್ತೆ. ಬಿಳಿ ಕಾರಲ್ಲೂ ಇಷ್ಟೇ ಗೀರು ಬಿದ್ದಿರತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೆ. ಹಾಗಾಗಿ ಇವತ್ತಿಂದ ಒಣ ಒರೆಸೋದು ಬಂದ್. ಧೂಳು ಕೂತಿದ್ರೆ ಕೂತಿರ್ಲಿ, ಧೂಳಿಂದ ಪೇಂಟ್ ಹಾಳಾಗಲ್ಲ, ಉಜ್ಜಿದ್ರೆ ಆಗತ್ತೆ.

ದುಡ್ಡಿನ ಅರ್ಧ ಭಾಗ ಬಟ್ಟೆಗೆ ಹಾಕಿ. ಎಲ್ಲರೂ ಮಾಡೋ ತಪ್ಪು ಏನಂದ್ರೆ ಬಾಟಲಿಗೆ ಸುರೀತಾರೆ, ಬಟ್ಟೆಗೆ ಜಿಪುಣತನ ಮಾಡ್ತಾರೆ. ಬೇಕಾಗಿರೋದು: ಮೈಕ್ರೋಫೈಬರ್ ಕೈಗವಸು ಎರಡು (ಒಂದು ಮೇಲ್ಭಾಗಕ್ಕೆ, ಒಂದು ಬಂಪರ್ ಮತ್ತು ಬಾಗಿಲ ಕೆಳಭಾಗಕ್ಕೆ), ನೀರು ಹೀರೋ ದೊಡ್ಡ ಟವೆಲ್ ಒಂದು, 60 x 90 ಸೆಂಟಿಮೀಟರ್ ಅಳತೇದು, 600 ಜಿಎಸ್‌ಎಂ ಮೇಲ್ಪಟ್ಟು, 350 ಜಿಎಸ್‌ಎಂನ ಸಣ್ಣ ಬಟ್ಟೆ ನಾಲ್ಕು, ಎರಡು ಬಣ್ಣದವು, ಚಕ್ರದ್ದು ಗಾಜಿಗೆ ಹೋಗಬಾರದು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ತಗೊಂಡ ತಕ್ಷಣ ಅಂಚಿನ ಲೇಬಲ್ ಕತ್ತರಿಸಿ ಬಿಸಾಕಿ, ಗೀರೋದು ಅದೇ. ಸ್ಪಂಜ್ ಬೇಡ. ಅದರ ಮೈ ಚಪ್ಪಟೆ, ಮರಳು ಒಳಗೆ ಹೋಗದೆ ಪೇಂಟಿಗೂ ಸ್ಪಂಜಿಗೂ ಮಧ್ಯೆ ಸಿಕ್ಕಿಕೊಳ್ಳತ್ತೆ. ಕೈಗವಸಿನ ಉದ್ದ ಎಳೆಗಳು ಮರಳನ್ನ ಒಳಕ್ಕೆ ಎಳ್ಕೊಳ್ತವೆ.

ಎರಡು ಬಕೆಟ್, ತಲಾ 15 ಲೀಟರ್‌ದು, ಮನೇಲೇ ಇರತ್ತೆ. ಒಂದರಲ್ಲಿ 10 ಲೀಟರ್ ನೀರು, ಅದಕ್ಕೆ ಬಾಟಲಿ ಮೇಲೆ ಹೇಳಿದಷ್ಟೇ ಶಾಂಪೂ, ಹೆಚ್ಚಿನವಕ್ಕೆ 20-30 ಎಂಎಲ್ ಸಾಕು. ಇನ್ನೊಂದರಲ್ಲಿ ಬರೀ ನೀರು. ಅದರ ತಳದಲ್ಲಿ ತರಕಾರಿ ತೊಳೆಯೋ ತೂತಿನ ಬುಟ್ಟಿ ಬೋರಲು ಹಾಕಿ. ಕೈಗವಸನ್ನ ಅದಕ್ಕೆ ತಿಕ್ಕಿದ್ರೆ ಮರಳು ಕೆಳಗಿಳಿದು ಅಲ್ಲೇ ಉಳಿಯತ್ತೆ, ಮತ್ತೆ ಮೇಲೆ ಬರಲ್ಲ. ಇದಕ್ಕಂತಲೇ ಜಾಲರಿ ಮಾರ್ತಾರೆ, ನಿಮ್ಮ ಬಜೆಟ್‌ನಲ್ಲಿ ಅದು ಬೇಡ.

ಚಕ್ರ ಮೊದಲು, ಅದಕ್ಕೆ ಬೇರೆ ಬ್ರಷ್, ಬೇರೆ ನೀರು. ಆಮೇಲೆ ಮೇಲಿಂದ ಕೆಳಕ್ಕೆ ಬರೀ ನೀರು ಹಾಯಿಸಿ ಎರಡು ನಿಮಿಷ ನೆನೆಯೋಕೆ ಬಿಡಿ. ನಂತರ ರೂಫ್, ಗಾಜು, ಬಾನೆಟ್, ಬಾಗಿಲ ಮೇಲರ್ಧ. ಕೆಳಗಿನ ಅರ್ಧ ಮತ್ತು ಬಂಪರ್ ಕೊನೇಲಿ. ಕೈಯನ್ನ ನೇರ ಎಳೀರಿ, ಸುತ್ತಿಸಬೇಡಿ. ಒಂದೊಂದು ಪ್ಯಾನೆಲ್ ಆದ ಮೇಲೂ ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಒತ್ತಬೇಡಿ, ಕೈಗವಸಿನ ತೂಕವೇ ಸಾಕು. ನೆಲಕ್ಕೆ ಬಿತ್ತಾ? ಅದನ್ನ ಪಕ್ಕಕ್ಕಿಡಿ, ಎರಡನೇದು ತಗೊಳ್ಳಿ.

ಬಿಸಿಲಲ್ಲಿ ಬೇಡ. ಬಾನೆಟ್ ಮೇಲೆ ಅಂಗೈ ಇಟ್ಟಾಗ ತಣ್ಣಗಿರಬೇಕು.

ಲಿಟ್ಮಸ್

ಸೋಪಿನ ಪ್ರಶ್ನೆಗೆ ಅಡುಗೆಮನೇಲೇ ಉತ್ತರ ಇದೆ. ಆರತಿ ತಟ್ಟೆಗೆ ಅರಿಶಿನದ ನೀರು ಹಾಕಿ ಚಿಟಿಕೆ ಸುಣ್ಣ ಬೆರೆಸಿದ್ರೆ ಕೆಂಪಾಗತ್ತಲ್ಲ, ಅದೇ ಪರೀಕ್ಷೆ. ಅರಿಶಿನ ಕ್ಷಾರ ಕಂಡ್ರೆ ಕೆಂಪಾಗತ್ತೆ, ಹಳದಿಯಿಂದ ಕೆಂಪಿಗೆ ತಿರುಗೋದು ಪಿಎಚ್ (ಹುಳಿ-ಕ್ಷಾರದ ಅಳತೆ, ಏಳು ಅಂದ್ರೆ ಎರಡೂ ಅಲ್ಲದ ನ್ಯೂಟ್ರಲ್) ಏಳೂವರೆಯಿಂದ ಎಂಟೂವರೆ ಮಧ್ಯೆ. ಅರ್ಧ ಲೋಟ ನೀರಿಗೆ ಚಿಟಿಕೆ ಅರಿಶಿನ ಹಾಕಿ, ತಿಳಿಯಾದ ಹಳದಿ ನೀರನ್ನ ಎರಡು ಬಟ್ಟಲಿಗೆ ಹಾಕ್ಕೊಳ್ಳಿ. ಒಂದಕ್ಕೆ ಬಟ್ಟೆ ಸೋಪಿನ ಪುಡಿ, ಇನ್ನೊಂದಕ್ಕೆ ನಿಮ್ಮ ಕಾರ್ ಶಾಂಪೂ ನಾಲ್ಕು ಹನಿ. ಪುಡಿ ಹಾಕಿದ್ದು ಕ್ಷಣದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗತ್ತೆ. ಶಾಂಪೂ ಹಾಕಿದ್ದು ಹಳದಿಯಾಗೇ ಉಳಿದ್ರೆ ಅದನ್ನ ಧೈರ್ಯವಾಗಿ ಬಳಸಿ. ಕೆಂಪಾದ್ರೆ, ಬಾಟಲಿ ಮೇಲೆ ‘ಪಿಎಚ್ ನ್ಯೂಟ್ರಲ್’ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಇದ್ರೂ ಅಂಗಡಿಗೆ ವಾಪಸ್ ಕೊಡಿ. ಒಂದು ಎಚ್ಚರ: ಈ ಪರೀಕ್ಷೆನ ಬೋರ್ ನೀರಲ್ಲಿ ಮಾಡಬೇಡಿ, ಕೆಲವು ಬೋರ್ ನೀರೇ ಸ್ವಲ್ಪ ಕ್ಷಾರ ಇರತ್ತೆ. ಫಿಲ್ಟರ್ ನೀರು ತಗೊಳ್ಳಿ.

ಒಗೆಯೋ ಪುಡಿ ಮಾಡೋ ಕೆಡುಕು ಒಂದೇ ಸಲಕ್ಕೆ ಕಾಣಲ್ಲ. ಮೊದಲು ವ್ಯಾಕ್ಸ್, ಅಂದ್ರೆ ಪೇಂಟ್ ಕಾಯೋ ಮೇಣದ ಪದರ, ಹೋಗತ್ತೆ, ಆಮೇಲೆ ಕಿಟಕಿ ರಬ್ಬರ್, ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗತ್ತೆ. ಸರಿಯಾಗಿ ಕರಗದ ಪುಡಿಯ ಕಾಳುಗಳು ಗೀರೋದು ಬೇರೆ.

ಪಾತ್ರೆ ಲಿಕ್ವಿಡ್ ಅರಿಶಿನ ಪರೀಕ್ಷೇಲಿ ಪಾಸಾಗಬಹುದು, ಅದರಿಂದ ಮೋಸ ಹೋಗಬೇಡಿ. ಅದರ ಕೆಲಸವೇ ಜಿಡ್ಡು ತೆಗೆಯೋದು. ತಟ್ಟೆಯ ತುಪ್ಪ ಯಾವುದು, ಬಾನೆಟ್ಟಿನ ವ್ಯಾಕ್ಸ್ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಹೊಸ ವ್ಯಾಕ್ಸ್ ಹಾಕೋ ಮುಂಚೆ ಹಳೇದನ್ನ ಪೂರ್ತಿ ತೆಗೀಬೇಕು ಅಂದಾಗ ಒಂದು ಸಲ ಬಳಸಿ, ಅಷ್ಟೆ.

ಇನ್ನು ಬಿಳಿ ಚುಕ್ಕೆ. ನಿಮ್ಮನೇಲಿ ಬೋರ್ ನೀರಲ್ಲಿ ತೊಗರಿಬೇಳೆ ಬೇಯೋಕೆ ಸತಾಯಿಸತ್ತಾ? ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿದ್ಯಾ? ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾನೆಟ್ ಮೇಲೂ ಕೂರೋದು. ನೀರು ಆವಿಯಾಗಿ ಹೋಗತ್ತೆ, ಲವಣ ಉಳಿಯತ್ತೆ. ಹೊಸ ಚುಕ್ಕೆ ಆದ್ರೆ: ಅಡುಗೆಯ ಬಿಳಿ ವಿನಿಗರ್ ಒಂದು ಪಾಲು, ಫಿಲ್ಟರ್ ನೀರು ಒಂದು ಪಾಲು. ತೊಳೆದ, ತಣ್ಣಗಿರೋ ಪ್ಯಾನೆಲ್ ಮೇಲೆ ಈ ನೀರಲ್ಲಿ ನೆನೆಸಿದ ಬಟ್ಟೆ ಹಾಸಿ ಒಂದು ನಿಮಿಷ ಬಿಡಿ, ಉಜ್ಜದೆ ಎತ್ತಿ, ಧಾರಾಳ ನೀರು ಹಾಕಿ ತೊಳೀರಿ. ಬೇಕಾದ್ರೆ ಇನ್ನೊಂದು ಸಲ. ಕ್ರೋಮ್ ಪಟ್ಟಿ, ಪೇಂಟ್ ಇಲ್ಲದ ಅಲ್ಯೂಮಿನಿಯಂ ಮೇಲೆ ಬೇಡ. ವಿನಿಗರ್ ಆದ ಮೇಲೂ ಉಂಗುರದ ಗುರುತು ಉಳಿದ್ರೆ ಲವಣ ಕ್ಲಿಯರ್ ಕೋಟನ್ನ ಕೊರೆದಿದೆ ಅಂತ ಅರ್ಥ, ಅದಕ್ಕೆ ಪಾಲಿಶ್ ಒಂದೇ ದಾರಿ. ನಿಂಬೆಹಣ್ಣಿನ ಹೋಳು ತಿಕ್ಕಿ ಅನ್ನೋರ ಮಾತು ಕೇಳಬೇಡಿ. ಅದರ ಹುಳಿ ಎಷ್ಟು ಅಂತ ಲೆಕ್ಕ ಇಲ್ಲ, ತಿರುಳು ಬೇರೆ ಒಣಗಿ ಅಂಟಿಕೊಳ್ಳತ್ತೆ.

ಮತ್ತೆ ಬರದಂಗೆ ನೋಡ್ಕೊಳ್ಳೋದು ಇದಕ್ಕಿಂತ ಸುಲಭ. ಬೋರ್ ನೀರಲ್ಲೇ ತೊಳೀರಿ, ಕೊನೇ ಜಾಲಿಸೋಕೆ ಮಾತ್ರ ಮೂರು-ನಾಲ್ಕು ಲೀಟರ್ ಮೆದು ನೀರು ಇಟ್ಕೊಳ್ಳಿ: ಸೋಸಿದ ಮಳೆ ನೀರು, ಇಲ್ಲಾ ಎಸಿ ಪೈಪಿಂದ ತೊಟ್ಟಿಕ್ಕೋ ನೀರು. ಎಸಿ ನೀರು ಗಾಳಿಯ ತೇವ ತಣಿದು ಆಗಿದ್ದು, ಲವಣ ಇರಲ್ಲ. ಆದ್ರೆ ಕಾಯಿಲ್‌ನ ಲೋಳೆ ಬಂದಿರತ್ತೆ, ಪಂಚೆ ಬಟ್ಟೇಲಿ ಸೋಸ್ಕೊಳ್ಳಿ. ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನ ಕಾರಿಗೆ ಹಾಕೋರಿದ್ದಾರೆ. ನೆಲ ಒರೆಸೋಕೆ ಅದು ಸರಿ, ಕಾರಿಗೆ ಖಂಡಿತ ಬೇಡ. ಫಿಲ್ಟರ್ ಬೇಡ ಅಂತ ಆಚೆ ದಬ್ಬಿದ ಲವಣವೆಲ್ಲ ಅದರಲ್ಲೇ ಇರೋದು.

ಕಬ್ಬಿನ_ಗದ್ದೆ (ಮಂಡ್ಯ)

ಎರಡು ಬಕೆಟ್ ಲೆಕ್ಕ ಸಿಟಿಗೆ ಸರಿ ಕಣಣ್ಣ. ನಮ್ಮ ಕಡೆ ನಾಲೆ ಏರಿ ಮೇಲೆ ಬಂದ ಗಾಡೀಲಿ ಬಕೆಟ್ಟಿಗಿಂತ ಜಾಸ್ತಿ ಮಣ್ಣಿರ್ತದೆ, ಅದಕ್ಕೆ ಕೈಗವಸು ಹಾಕುದ್ರೆ ಕೈಗವಸೇ ಹಾಳು. ಪೇಂಟ್ ಮುಟ್ಟೋಕೆ ಮುಂಚೆ ಮಣ್ಣು ಇಳೀಬೇಕು. ಔಷಧಿ ಹೊಡೆಯೋ 16 ಲೀಟರ್ ಬ್ಯಾಟರಿ ಸ್ಪ್ರೇಯರ್ ಇದ್ಯಲ್ಲ, ಅದರಷ್ಟು ಚೆನ್ನಾಗಿ ಈ ಕೆಲಸ ಮಾಡೋದು ಇನ್ನೊಂದಿಲ್ಲ. ಟ್ಯಾಂಕಿಗೆ ನಾಲ್ಕು ಮುಚ್ಚಳ ಶಾಂಪೂ ಹಾಕಿ ಇಡೀ ಗಾಡಿಗೆ ಹೊಡೀರಿ, ಐದು ನಿಮಿಷ ಬುಡಿ, ಒಣಗೋಕೆ ಮಾತ್ರ ಬುಡಬೇಡಿ. ಆಮೇಲೆ ಪೈಪಲ್ಲಿ ಹೊಡುದ್ರೆ ಮುಕ್ಕಾಲು ಮಣ್ಣು ತಾನೇ ಇಳಿದೋಯ್ತದೆ.

ಚಕ್ರದ ಮೇಲಿನ ಗೂಡು, ರಿಮ್ಮಿನ ಒಳಮೈ ಮರೀಬೇಡಿ. ರಿಮ್ ಒಳಗೆ ಒಂದು ಕಡೆ ಮಣ್ಣು ಹೆಪ್ಪುಗಟ್ಟುದ್ರೆ ಚಕ್ರದ ತೂಕ ವಾಲ್ತದೆ, ಅರವತ್ತು-ಎಂಬತ್ತು ಸ್ಪೀಡಲ್ಲಿ ಸ್ಟೇರಿಂಗ್ ನಡುಗ್ತದೆ. ಜನ ಹೋಗಿ ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಟ್ಟು ಬತ್ತಾರೆ, ಬೇಕಾಗಿದ್ದುದು ಒಂದು ಬಕೆಟ್ ನೀರು ಮತ್ತೆ ಒಂದು ಕಡ್ಡಿ.

ಸುಗ್ಗೀಲಿ ರೋಡ್ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹಾಕಿದ್ರೆ, ಅದರ ಮೇಲೆ ಹಾದು ಬಂದ ದಿನವೇ ಗಾಡಿ ಕೆಳಗೆ ಬಗ್ಗಿ ನೋಡಿ. ಹುಲ್ಲು, ಬಳ್ಳಿ ಆಕ್ಸಲ್ಲಿಗೆ ಸುತ್ಕೊಂಡಿರ್ತದೆ, ಸೈಲೆನ್ಸರ್ ಪೈಪ್ ಹತ್ರ ಸಿಕ್ಕಿ ಕಾದ್ರೆ ಬೆಂಕಿ ಹತ್ಕತದೆ. ಇಂಜಿನ್ ತಣ್ಣಗಾದ ಮೇಲೆ ಕೈಯಲ್ಲೇ ಕಿತ್ತಾಕಿ, ನೀರಿಗೆ ಅದು ಬರಲ್ಲ.

ಕಬ್ಬಿನ ಲಾರಿ ಹಿಂದೆ ಬಂದು ಹಾಲು ಚಿಮ್ಮಿದ್ರೆ, ಆಲೆಮನೆ ಹೊಗೆಯ ಮಸಿ ಕೂತಿದ್ರೆ ಉಜ್ಜಬೇಡಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಬಟ್ಟೆ ಐದು ನಿಮಿಷ ಹಾಸಿ, ಸಕ್ಕರೆ ತಾನೇ ಕರಗ್ತದೆ.

ಎರಡು_ಬಕೆಟ್

ಸ್ಪ್ರೇಯರ್ ಉಪಾಯ ಒಪ್ಪಿದೆ ಅಣ್ಣ, ಮಣ್ಣು ಮೊದಲು ಇಳೀಬೇಕು ಅನ್ನೋದನ್ನೂ. ಒಂದೇ ತಕರಾರು: ಕಳೆನಾಶಕ ಹೊಡೆದ ಟ್ಯಾಂಕ್ ಬೇಡ. ಎಷ್ಟು ತೊಳೆದ್ರೂ ಮೆದುಗೊಳವೆ ಒಳಗೆ ಔಷಧಿಯ ಎಣ್ಣೆ ಅಂಶ ಉಳಿದಿರತ್ತೆ, ಆ ಮಂಜು ಮುಖಕ್ಕೂ ಬರತ್ತೆ. ಕಾರಿಗೆ ಅಂತಲೇ ಬೇರೆ ಇಡಿ. ಪ್ರಶ್ನೆ ಕೇಳಿದವರಿಗೆ ಕೈಯಲ್ಲಿ ಪಂಪ್ ಮಾಡೋ, ಗಿಡಗಳಿಗೆ ಬಳಸೋ 2 ಲೀಟರ್ ಬಾಟಲಿಯೇ ಸಾಕು.

ಗೇರ್_ನಾಲ್ಕು (ಮೈಸೂರು)

ತುಂಬಾ ಥ್ಯಾಂಕ್ಸ್. ಅರಿಶಿನ ಪರೀಕ್ಷೆ ಮಾಡಿ ನೋಡ್ದೆ, ಡಿಕ್ಕೀಲಿದ್ದ ಲೋಕಲ್ ಶಾಂಪೂ ಕೆಂಪಾಯ್ತು! ವಾಷರ್ ಬಗ್ಗೆ ಯಾರೂ ಹೇಳಲಿಲ್ಲ. ಒಳಗಡೆ ಕ್ಲೀನ್ ಮಾಡೋಕೆ 12 ವೋಲ್ಟಿನ ಸಣ್ಣ ವ್ಯಾಕ್ಯೂಮ್ ತಗೊಳ್ಳಲಾ? ಮರದಿಂದ ಬೀಳೋ ಅಂಟು, ಹಕ್ಕಿ ಹಿಕ್ಕೆಗೆ ಏನಾದ್ರೂ ಕ್ಲೀನರ್ ಬೇಕಾ?

ಹದಿನಾರು_ಆಂಪ್

ವಾಷರ್ 3,000ದಲ್ಲಿ ಬೇಡ. ಈ ಬಜೆಟ್ಟಿನಲ್ಲಿ ಅದಕ್ಕೆ ಕೈ ಹಾಕಿದ್ರೆ ಬಟ್ಟೆಗೆ, ಶಾಂಪೂಗೆ ದುಡ್ಡೇ ಉಳಿಯಲ್ಲ. ಮುಂದಿನ ವರ್ಷ ತಗೊಳ್ಳೋದಾದ್ರೆ ಇದನ್ನ ನೋಡಿ.

ಡಬ್ಬದ ಮೇಲಿನ ‘ಬಾರ್’ (ನೀರಿನ ಒತ್ತಡದ ಅಳತೆ) ಸಂಖ್ಯೆ ಒಂದಕ್ಕೇ ಮರುಳಾಗಬೇಡಿ. ಕಾರಿಗೆ 100-130 ಬಾರ್ ಧಾರಾಳ. ನಿಮಿಷಕ್ಕೆ ಎಷ್ಟು ಲೀಟರ್ ಬರತ್ತೆ ಅನ್ನೋದನ್ನೂ ನೋಡಿ, ಮಣ್ಣು ಕೊಚ್ಚಿಕೊಂಡು ಹೋಗೋದು ಅದರಿಂದ. ಟ್ರಿಗರ್ ಬಿಟ್ಟಾಗ ಮೋಟಾರ್ ತಾನೇ ನಿಲ್ಲೋ ವ್ಯವಸ್ಥೆ ಇರಬೇಕು. ಬಕೆಟ್ಟಿಂದ ನೀರು ಎಳೆಯೋ ಮಾಡೆಲ್ ಆದ್ರೆ ಒಳಹೋಗೋ ಪೈಪನ್ನ ಮೊದಲು ನೀರಲ್ಲಿ ಮುಳುಗಿಸಿ ಗಾಳಿ ತೆಗೆದು ಜೋಡಿಸಿ. ಗಾಳಿ ಎಳೀತಾ ಒಣಗೇ ಓಡಿದ್ರೆ ಪಂಪಿನ ಸೀಲ್ ಸುಟ್ಟುಹೋಗತ್ತೆ. ಹೊಸ ವಾಷರ್ ಕೆಟ್ಟುಹೋಗೋಕೆ ಇದು ದೊಡ್ಡ ಕಾರಣ. ಬೋರ್ ನೀರಲ್ಲಿ ಮರಳು ಬರತ್ತೆ, ಇನ್‌ಲೆಟ್ ಜಾಲರಿ ಇಲ್ಲದೆ ಓಡಿಸಬೇಡಿ.

ಕರೆಂಟು: 1,800 ವ್ಯಾಟ್ ಮೋಟಾರ್ 230 ವೋಲ್ಟಿಗೆ ಎಂಟು ಆಂಪ್‌ವರೆಗೂ ಎಳೆಯತ್ತೆ. ಟಿವಿ ಹಿಂದಿನ 6 ಆಂಪ್ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ರೆ ವೈರ್ ಕಾದು ಪ್ಲಗ್ ಕರಗತ್ತೆ. 16 ಆಂಪ್ ಪಾಯಿಂಟಿಂದ ನೇರವಾಗಿ ತಗೊಳ್ಳಿ. ಉದ್ದ ಬೇಕೇ ಬೇಕು ಅಂದ್ರೆ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಅರ್ಥ್ ಸಮೇತ, ಪೂರ್ತಿ ಬಿಚ್ಚಿ ಹಾಸಿ, ಸುರುಳಿ ಇದ್ರೆ ಕಾಯತ್ತೆ. ಒದ್ದೆ ನೆಲದಲ್ಲಿ ನಿಂತು ಮಾಡೋ ಕೆಲಸ, ಮೀಟರ್ ಬೋರ್ಡಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್) ಇಲ್ಲ ಅಂದ್ರೆ ವಾಷರಿಗಿಂತ ಮುಂಚೆ ಅದನ್ನ ಹಾಕಿಸಿ.

ಹೊಡೆಯುವಾಗ ಒಂದಡಿ ದೂರ, ಬೀಸಣಿಗೆ ಥರ ಹರಡೋ ನಾಝಲ್. ಸೂಜಿ ಥರದ ನೇರ ಧಾರೆಯನ್ನ ಟೈರ್ ಪಕ್ಕೆಗೆ, ಬಾಗಿಲ ರಬ್ಬರ್‌ಗೆ, ರೇಡಿಯೇಟರ್ ಜಾಲಿಗೆ, ಪಾರ್ಕಿಂಗ್ ಸೆನ್ಸರ್‌ಗೆ ಹಿಡೀಬೇಡಿ. ಕಲ್ಲು ಬಡಿದು ಎದ್ದ ಪೇಂಟಿನ ಚೂರು ಇದ್ರೆ ಅದರ ಅಂಚಿಂದ ಹಪ್ಪಳ ಏಳತ್ತೆ. ಬಾನೆಟ್ ಎತ್ತಿ ಇಂಜಿನ್ನಿಗಂತೂ ಬೇಡವೇ ಬೇಡ. ಅಲ್ಲಿ ಒದ್ದೆ ಬಟ್ಟೆ, ಹಳೇ ಪೇಂಟ್ ಬ್ರಷ್ ಸಾಕು.

12 ವೋಲ್ಟಿನ ವ್ಯಾಕ್ಯೂಮ್‌ದು ಸರಳ ಲೆಕ್ಕ. ಕಾರಿನ ಸಾಕೆಟ್ ಸಾಮಾನ್ಯವಾಗಿ ಕೊಡೋದು 10 ಆಂಪ್. ಹತ್ತು ಹನ್ನೆರಡಲ 120 ವ್ಯಾಟ್. ಮ್ಯಾಟಿನ ನೂಲೊಳಗೆ ಹೊಕ್ಕ ಮರಳನ್ನ ಎಳೆಯೋಕೆ ಅದಕ್ಕೆ ಉಸಿರೇ ಇಲ್ಲ. ಮನೇಲಿ ದೊಡ್ಡ ವ್ಯಾಕ್ಯೂಮ್ ಇದ್ರೆ ಅದರ ಚಪ್ಪಟೆ ಮೂತಿ ಹಾಕಿ ಬಳಸಿ. ಇಲ್ಲಾಂದ್ರೆ ಮ್ಯಾಟ್ ಹೊರಗೆ ತೆಗೆದು ಬೋರಲು ಹಾಕಿ ಹಿಂಭಾಗಕ್ಕೆ ಕೋಲಲ್ಲಿ ಬಡೀರಿ, ಹಾಸಿಗೆ ಬಡೆದಂಗೆ. ಡ್ಯಾಶ್‌ಬೋರ್ಡಿಗೆ ಒದ್ದೆ ಬಟ್ಟೆ ಸಾಕು. ಫಳಫಳ ಹೊಳೆಯೋ ಪಾಲಿಶ್ ಹಾಕಿದ್ರೆ ಮಧ್ಯಾಹ್ನ ಅದರ ಪ್ರತಿಬಿಂಬ ಮುಂದಿನ ಗಾಜಲ್ಲಿ ಕೂರತ್ತೆ. ಸ್ಟೇರಿಂಗಿಗೆ, ಪೆಡಲಿಗೆ ಅದು ತಾಗಿದ್ರೆ ಜಾರತ್ತೆ.

ಲಿಟ್ಮಸ್

ಹಿಕ್ಕೆಗೆ ಬೇರೆ ಕ್ಲೀನರ್ ಬೇಡ, ಬೇಕಾಗಿರೋದು ಅವಸರ. ಬಿಸಿಲಿಗೆ ಕಾದ ಪೇಂಟ್ ಮೇಲೆ ಹಿಕ್ಕೆ ಒಣಗಿ ಬಿಗಿದ್ರೆ ಅದರ ಆಕಾರವೇ ಅಚ್ಚೊತ್ತತ್ತೆ. ಡಿಕ್ಕೀಲಿ ಒಂದು ನೀರಿನ ಬಾಟಲಿ, ಟಿಶ್ಯೂ ಇಟ್ಟಿರಿ. ಟಿಶ್ಯೂ ಒದ್ದೆ ಮಾಡಿ ಹಿಕ್ಕೆ ಮೇಲೆ ಹಾಸಿ, ಹತ್ತು ನಿಮಿಷ ಬಿಟ್ಟು ಮೇಲಕ್ಕೆ ಎತ್ತಿ. ಎಳೀಬೇಡಿ, ಅದರಲ್ಲಿ ಬೀಜ, ಕಲ್ಲು ಇರತ್ತೆ. ಮರದ ಅಂಟಿಗೂ ಇದೇ, ಬಿಸಿನೀರಲ್ಲಿ. ಅದಕ್ಕೂ ಬಿಡದಿದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಗೆ ಹಾಕಿ ಒತ್ತಿ ಹಿಡೀರಿ. ಆ ಜಾಗದ ವ್ಯಾಕ್ಸ್ ಹೋಗಿರತ್ತೆ, ಮತ್ತೆ ಹಚ್ಚಬೇಕು.

ಮರದ ಕೆಳಗೆ ನಿಲ್ಲೋ ಕಾರಿಗೆ ವ್ಯಾಕ್ಸ್ ಶೋಕಿ ಅಲ್ಲ. ಕಾರ್ನೌಬಾ ವ್ಯಾಕ್ಸ್ (ತಾಳೆ ಜಾತಿಯ ಮರದ ಎಲೆಯ ಮೇಣ) ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಂದ್ರೆ ಹೆಚ್ಚು; ಸಿಂಥೆಟಿಕ್ ಸೀಲಂಟ್ (ವ್ಯಾಕ್ಸ್ ಥರಾನೇ ಪೇಂಟ್ ಕಾಯೋ ಕೃತಕ ಪದರ) ಅದಕ್ಕಿಂತ ಬಹಳ ಬಾಳಿಕೆ. ಉಳಿದ ದುಡ್ಡಲ್ಲಿ ಸೀಲಂಟ್ ತಗೊಳ್ಳಿ. ಗಾಜಿನ ಮೇಲೆ ಉಸಿರು ಬಿಟ್ಟಾಗ ಕೂರೋ ಮಂಜಿನಷ್ಟು ತೆಳ್ಳಗೆ ಹಚ್ಚಿ. ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಬೆಳ್ಳಗಾಗಿ ಕೂರತ್ತೆ. ಜೇಡರ ಬಲೆ ಗೆರೆಗಳಿಗೆ ಪಾಲಿಶ್ ಬೇಕು, ಆದ್ರೆ ಅದು ಕ್ಲಿಯರ್ ಕೋಟನ್ನೇ ಸವೆಸೋ ಕೆಲಸ. ಎಂಟು ತಿಂಗಳ ಗಾಡಿಗೆ ಅವಸರ ಬೇಡ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳೋ ಗೀರು ಪಾಲಿಶ್‌ಗೂ ಹೋಗಲ್ಲ.

ಆಯುಧಪೂಜೆಗೆ: ಸೀಲಂಟನ್ನ ಪೂಜೆಗೆ ಎರಡು ದಿನ ಮುಂಚೆ ಹಚ್ಚಿ. ಅರಿಶಿನ ಕುಂಕುಮವನ್ನ ಸಾಧ್ಯವಾದ್ರೆ ಗಾಜಿಗೆ, ನಂಬರ್ ಪ್ಲೇಟಿಗೆ ಇಡಿ. ಗಾಜು ಬಣ್ಣ ಹೀರಲ್ಲ, ಬಂಪರಿನ ಒರಟು ಕಪ್ಪು ಪ್ಲಾಸ್ಟಿಕ್ ಹೀರತ್ತೆ. ಮಾರನೇ ದಿನ ಒಣ ಬಟ್ಟೇಲಿ ಒರೆಸಬೇಡಿ, ಬರೀ ನೀರು ಹಾಯಿಸಿ, ಆಮೇಲೆ ಶಾಂಪೂ. ಸೋಪಿನ ಪುಡಿ ಹಾಕಿದ್ರೆ ಅರಿಶಿನ ಇದ್ದಲ್ಲೆಲ್ಲ ಆರತಿ ನೀರಿನ ಕೆಂಪು ಕಾಣತ್ತೆ, ಗಾಬರಿಯಾಗಿ ಇನ್ನಷ್ಟು ಉಜ್ಜುತ್ತೀರಿ. ಉಳಿದ ಹಳದಿ ಕಲೆ ಬಿಸಿಲಿಗೆ ತಾನೇ ಮಾಸತ್ತೆ. ಹಾರ ನಿಲ್ಲೋಕೆ ಪೇಂಟಿಗೆ ಸೆಲೋಟೇಪ್ ಅಂಟಿಸಬೇಡಿ, ದಾರವನ್ನ ಕನ್ನಡಿಗೆ, ಗ್ರಿಲ್‌ಗೆ ಕಟ್ಟಿ. ಈಗಾಗಲೇ ಅಂಟಿಸಿ ಒಣಗಿದ್ರೆ ಕೊಬ್ಬರಿ ಎಣ್ಣೆ ಸವರಿ ಐದು ನಿಮಿಷ ಬಿಡಿ, ಅಂಟು ಬೆರಳಿಗೇ ಉರುಳಿ ಬರತ್ತೆ, ಆಮೇಲೆ ಶಾಂಪೂ ಹಾಕಿ ಜಿಡ್ಡು ತೆಗೀರಿ.

ಕಬ್ಬಿನ_ಗದ್ದೆ (ಮಂಡ್ಯ)

ಹೊಂಗೆ ಮರ ಅಂದ್ರಲ್ಲ, ಬಾನೆಟ್ ಎತ್ತಿ ವೈಪರ್ ಬುಡದ ಜಾಲರಿ ಕೆಳಗೆ ಕೈ ಹಾಕಿ ನೋಡಿ. ಎಲೆ, ಹೂವಿನ ಕಸ ಕೊಳೆತು ನೀರು ಹೋಗೋ ತೂತು ಕಟ್ಟಿರ್ತದೆ, ಮಳೇಲಿ ಆ ನೀರು ಕಾಲ ಬುಡದ ಮ್ಯಾಟಿಗೆ ಇಳೀತದೆ. ಎಸಿ ಹಾಕಿದಾಗ ಬರೋ ಮುಗ್ಗಲು ವಾಸನೆಗೂ ಎಷ್ಟೋ ಸಲ ಅದೇ ಕಾರಣ. ಬಾಗಿಲ ಕೆಳ ಅಂಚಲ್ಲೂ ಸಣ್ಣ ತೂತು ಇರ್ತವೆ, ಊದುಬತ್ತಿ ಕಡ್ಡಿ ಹಾಕಿ ಬುಡಿಸಿ, ತಂತಿ ಹಾಕಬೇಡಿ, ಪೇಂಟ್ ಕಿತ್ತು ಅಲ್ಲಿಂದ ತುಕ್ಕು ಹಿಡೀತದೆ.